ನಿರಂಶಕರ ಜೀವನಾಂಶ: ಎರಡು ಕಲ್ಯಾಣಗಳ ನಡುವೆ ಒಬ್ಬ ಸೋದರಮಾವ

ಡೊಂಬಿವಲಿಯ ಎಂಐಡಿಸಿ ವಸತಿ ವಿಭಾಗದಲ್ಲಿ ನಮಗೆ ಬಹುಕಾಲದಿಂದ ಬಳಕೆಯಿರುವ ಮನೆಯೊಂದಿದೆ. ಮೂಲತಃ ಉಡುಪಿಯ ಕಡೆಯವರು, ಅಳಿಯಸಂತಾನದ ಕುಟುಂಬ, ಮನೆಮಾತು ತುಳು, ಓದುಬರಹ ಕನ್ನಡ, ಬೀದಿಯ ವ್ಯವಹಾರವೆಲ್ಲ ಮರಾಠಿ ಹಿಂದಿಗಳಲ್ಲಿ. ಕೆಲವು ತಿಂಗಳ ಹಿಂದೆ ಆ ಮನೆಯ ಗೃಹಿಣಿ ಒಂದು ಕಾಗದವನ್ನು ನಮ್ಮ ಮುಂದಿಟ್ಟು, "ಸರ್, ನೀವು ಹಳೆಯ ಕಾಗದಪತ್ರಗಳನ್ನು ಓದುವವರು. ಇದಕ್ಕೆ ಮಾವನಿಂದ ಸಹಿ ಹಾಕಿಸಬಹುದಾ, ಬಾರದಾ?" ಎಂದು ಕೇಳಿದರು. ಊರಿನ ಮೂಲಮನೆ ಮತ್ತು ಅದರ ಹಿತ್ತಿಲನ್ನು ಮಾರುವುದಕ್ಕೆ ಹಕ್ಕುದಾರರೆಲ್ಲರೂ ಒಪ್ಪಿದ್ದಾರೆಂಬ ಪತ್ರ ಅದು. ಎಲ್ಲರ ಸಹಿಯೂ ಬಿದ್ದಿತ್ತು. ಒಂದು ಹೆಸರಿನ ಮುಂದೆ ಮಾತ್ರ ಜಾಗ ಖಾಲಿಯಿತ್ತು. ಆ ಹೆಸರಿನವರು ಆ ಹೊತ್ತಿಗೆ ಪಡಸಾಲೆಯ ನೆಲದ ಮೇಲೆ ಕುಳಿತು, ಪಕ್ಕದ ಮನೆಯ ಹುಡುಗನೊಡನೆ ಹಳೆಯ ಬಸ್ಸು ಟಿಕೇಟುಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದೆ.

ಮಾವ ಎಂದರೆ ಇಲ್ಲಿ ತಾಯಿಯ ಅಣ್ಣ. ಹದಿನಾಲ್ಕನೆಯ ವಯಸ್ಸಿನಲ್ಲಿ ಊರವರೊಬ್ಬರ ಹೋಟೆಲಿಗೆ ಕಪ್ಪು ಬಸಿ ತೊಳೆಯಲೆಂದು ಮುಂಬಯಿಗೆ ಬಂದವರು. ಕೆಲಸ ಬಾರದೆ ಅಲ್ಲ, ಲೆಕ್ಕ ಬಾರದೆ ಹಿಂದಿರುಗಿದರು. ತಾಯಿ ಇರುವವರೆಗೆ ಮೂಲಮನೆಯಲ್ಲಿದ್ದರು. ಆಮೇಲೆ ತಂಗಿಯ ಬಳಿ. ತಂಗಿ ತೀರಿಕೊಂಡ ಮೇಲೆ ಸೊಸೆಯ ಜತೆಗೆ ಡೊಂಬಿವಲಿಗೆ ಬಂದರು. ಮದುವೆಯಾಗಿಲ್ಲ. ಸ್ನಾನ ಊಟಗಳನ್ನು ತಾವೇ ಮಾಡಿಕೊಳ್ಳುತ್ತಾರೆ, ಕನ್ನಡವನ್ನು ದುಂಡಾಗಿ ಬರೆಯುತ್ತಾರೆ, ಮಳೆ ಬಂದರೆ ಮೆಟ್ಟಿಲಿಳಿದು ನೆನೆಯುತ್ತಾರೆ, ಬೈದರೆ ಅಳುತ್ತಾರೆ. ವೈದ್ಯರ ಯಾವ ಚೀಟಿಯೂ ಅವರ ಹೆಸರಿನಲ್ಲಿಲ್ಲ. ಸೊಸೆಯ ಪ್ರಶ್ನೆಗೆ ಆ ದಿನ ನಾವು ಉತ್ತರಿಸಲಿಲ್ಲ. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮಧ್ಯಕಾಲೀನ ಸಾಹಿತ್ಯವನ್ನು ಓದುತ್ತ ಬಂದ ನಮಗೆ, ಈ ಸಹಿಯ ಖಾಲಿ ಜಾಗಕ್ಕೆ ಒಂಬೈನೂರು ವರ್ಷಗಳ ಇತಿಹಾಸವಿದೆ ಎನ್ನಿಸಿತು. ಆ ಇತಿಹಾಸದ ಕೆಲವು ಎಳೆಗಳನ್ನು ರಾಜ್ಯದ ಹೊರಗಿರುವ ಸಂಶೋಧಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಮಾತಿನ ವಿಚಾರ. ಮನೆಯವರು ಅವರನ್ನು ಹುಚ್ಚರೆನ್ನುವುದಿಲ್ಲ, ಪೆದ್ದರೆಂದೂ ಅನ್ನುವುದಿಲ್ಲ, 'ಪಾಪದವರು' ಎನ್ನುತ್ತಾರೆ. ಕರಾವಳಿಯ ಕನ್ನಡದಲ್ಲಿ 'ಪಾಪದವ' ಎಂದರೆ ಪಾಪ ಮಾಡಿದವನಲ್ಲ, ಪಾಪ ಮಾಡಲು ಅರಿಯದವನು. ನಿಘಂಟನ್ನಷ್ಟೆ ನಂಬಿ ನಡೆಯುವ ಹೊರನಾಡಿನ ವಿದ್ಯಾರ್ಥಿ ಇಲ್ಲಿ ಎಡವುವ ಸಂಭವವುಂಟು. ಕನ್ನಡದಲ್ಲಿ ಈ ಕ್ಷೇತ್ರದ ಶಬ್ದಗಳೆಲ್ಲ ಹೀಗೆಯೇ ಎರಡು ಮುಖದವು. 'ಮರುಳ್' ಎಂಬುದು ಹಳಗನ್ನಡದಲ್ಲಿ ರಣರಂಗದಲ್ಲಿ ತಿರುಗುವ ಪಿಶಾಚಿಗೂ ಸಲ್ಲುತ್ತದೆ, ಬುದ್ಧಿ ತಪ್ಪಿದವನಿಗೂ ಸಲ್ಲುತ್ತದೆ. ರನ್ನನ ಗದಾಯುದ್ಧದಲ್ಲಿ ಮರುಳುಗಳು ದುರ್ಯೋಧನನನ್ನು ಹಂಗಿಸುವ ಸಂದರ್ಭದ ಚಮತ್ಕಾರವೆಲ್ಲ ಈ ಎರಡರ್ಥದ ಮೇಲೆಯೇ ನಿಂತಿದೆ. ಇತ್ತ ಶಿಕಾರಿಪುರದ ಹನುಮಂತನಿಗೆ ಹುಚ್ಚುರಾಯನೆಂದು ಹೆಸರು, ಸಂಸ್ಕೃತದಲ್ಲಿ ಭ್ರಾಂತೇಶ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶರ ಜತೆಗೆ ಈತ ಮೂರನೆಯವನು. ಆ ಸೀಮೆಯಲ್ಲಿ ಹುಚ್ಚರಾಯಪ್ಪ, ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳನ್ನು ಕಂಡು ಯಾರೂ ನಗುವುದಿಲ್ಲ. ಇನ್ನು ಮುಪ್ಪಿನ ಮಂಪರಿಗೆ 'ಅರಳುಮರಳು' ಎಂಬ ಮಾತಿದೆ. ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ಅರಿಯದವರಿಲ್ಲ. ಬೇಂದ್ರೆಯವರು ಆ ಮಾತನ್ನೇ ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟರು, 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಆದರೆ ಅರಳುಮರಳು ಒಮ್ಮೆ ನೆಟ್ಟಗಿದ್ದು ಆಮೇಲೆ ಸಡಿಲಾದ ಬುದ್ಧಿಗೆ ಸಲ್ಲುವ ಮಾತು. ನಮ್ಮ ಮಾವ ಎಂದೂ ದೊಡ್ಡವರಾಗದೆ ಮುದುಕರಾದವರು. ಅವರಿಗೆ ಒಪ್ಪುವ ಶಬ್ದ ಶಿಷ್ಟಭಾಷೆಯಲ್ಲಿ ದೊರೆಯುವುದು ಕಷ್ಟ. ಈ ಕಷ್ಟ ಭಾಷೆಯದಷ್ಟೇ ಅಲ್ಲ, ಶಾಸ್ತ್ರದ್ದೂ ಹೌದು.

ಶಾಸ್ತ್ರವೆಂದಾಗ ನಾವು ಕನ್ನಡನಾಡಿನ ಹೊರಗೆ ಹೋಗಬೇಕಾಗಿಲ್ಲ. ಹಿಂದೂ ದಾಯಭಾಗದ ವಿಷಯದಲ್ಲಿ ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗವನ್ನು ಆಳಿದ ಮಿತಾಕ್ಷರಾ ಹುಟ್ಟಿದ್ದು ಚಾಲುಕ್ಯರ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದು, ಕೊನೆಗೆ ಆ ನಗರವನ್ನೂ ಆ ಅರಸನನ್ನೂ, ಸಂಕೋಚವಿಲ್ಲದೆ ತನ್ನನ್ನೂ, ಸಾಟಿಯಿಲ್ಲದವರೆಂದು ಹೊಗಳಿಕೊಂಡಿದ್ದಾನೆ. ನಾವು ಡೊಂಬಿವಲಿಯಿಂದ ಹಿಂದಿರುಗುವಾಗ ರೈಲು ಹಿಡಿದದ್ದು ಇನ್ನೊಂದು ಕಲ್ಯಾಣದಲ್ಲಿ: ಠಾಣೆ ಜಿಲ್ಲೆಯ ಕಲ್ಯಾಣ, ಪೆರಿಪ್ಲಸ್ ಗ್ರಂಥದ ಗ್ರೀಕ್ ನಾವಿಕನು ಹೆಸರಿಸಿರುವ ಪ್ರಾಚೀನ ಬಂದರು. ಎರಡಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಆದರೆ ಒಂದು ಸಂಗತಿ ಗಮನಾರ್ಹ. ವಿಜ್ಞಾನೇಶ್ವರನ ಬಳಿಕ ಕೆಲವೇ ದಶಕಗಳಲ್ಲಿ ಅದೇ ಯಾಜ್ಞವಲ್ಕ್ಯಸ್ಮೃತಿಗೆ ಅಷ್ಟೇ ಹೆಸರುವಾಸಿಯಾದ ಮತ್ತೊಂದು ವ್ಯಾಖ್ಯಾನ ಹುಟ್ಟಿತು. ಅದರ ಕರ್ತೃ ಅಪರಾರ್ಕ, ಎಂದರೆ ಠಾಣೆಯಿಂದ ಉತ್ತರ ಕೊಂಕಣವನ್ನಾಳಿದ ಶಿಲಾಹಾರ ದೊರೆ ಅಪರಾದಿತ್ಯ. ಹೀಗೆ ಒಂದು ಕಲ್ಯಾಣದ ಪಂಡಿತನೂ ಇನ್ನೊಂದು ಕಲ್ಯಾಣದ ನೆರೆಯ ಅರಸನೂ ಒಂದೇ ಶತಮಾನದಲ್ಲಿ ಒಂದೇ ಶ್ಲೋಕಗಳ ಮುಂದೆ ಕುಳಿತು, ಮನೆಯಲ್ಲಿ ಯಾರಿಗೆ ಪಾಲುಂಟು, ಯಾರಿಗೆ ಇಲ್ಲ ಎಂಬುದನ್ನು ಚಿಂತಿಸಿದರು.

ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದಲ್ಲಿ ಪಾಲಿಲ್ಲದವರ ಪಟ್ಟಿಯೊಂದಿದೆ. ನಪುಂಸಕ, ಪತಿತ ಮತ್ತು ಅವನ ಮಗ, ಕುಂಟ, ಉನ್ಮತ್ತ, ಜಡ, ಕುರುಡ, ವಾಸಿಯಾಗದ ರೋಗವುಳ್ಳವನು ಮೊದಲಾದವರು ನಿರಂಶಕರು. ಆದರೆ ಭರ್ತವ್ಯರು, ಎಂದರೆ ಸಾಕಲ್ಪಡಬೇಕಾದವರು. ಈ ಪಟ್ಟಿಯನ್ನು ಓದಿದಾಗ ಇಂದಿನ ಓದುಗನಿಗೆ ಮೊದಲು ಕಾಣುವುದು ಅದರ ಕ್ರೌರ್ಯ. ಅದು ಸಹಜವೇ, ನಾವು ಅದನ್ನು ಸಮರ್ಥಿಸಲು ಹೊರಟಿಲ್ಲ. ಆದರೆ ವಿಜ್ಞಾನೇಶ್ವರನು ಒಂದೊಂದು ಶಬ್ದವನ್ನೂ ಹೇಗೆ ಬಿಡಿಸುತ್ತಾನೆಂಬುದನ್ನು ನೋಡಬೇಕು. ಉನ್ಮತ್ತನೆಂದರೆ ವಾತ, ಪಿತ್ತ, ಶ್ಲೇಷ್ಮ, ಸನ್ನಿಪಾತ, ಗ್ರಹಾವೇಶಗಳಿಂದ ಹುಟ್ಟಿದ ಉನ್ಮಾದಕ್ಕೆ ಸಿಕ್ಕಿದವನು; ಇದು ಆಯುರ್ವೇದದ ಭಾಷೆ. ಜಡನ ವಿಷಯಕ್ಕೆ ಬಂದಾಗ ಅವನು ವೈದ್ಯವನ್ನು ಬಿಟ್ಟು ಬೇರೊಂದು ಅಳತೆಗೋಲನ್ನು ಹಿಡಿಯುತ್ತಾನೆ: ಅಂತಃಕರಣ ಊನವಾಗಿ, ತನಗೆ ಹಿತವಾವುದು ಅಹಿತವಾವುದು ಎಂಬುದನ್ನು ನಿಶ್ಚಯಿಸಲಾರದವನು ಜಡ. ಓದು ಬರಹ ಲೆಕ್ಕಗಳ ಮಾತಿಲ್ಲ, ನಡೆನುಡಿಯ ವೈಚಿತ್ರ್ಯದ ಮಾತೂ ಇಲ್ಲ. ಬಸ್ಸು ಟಿಕೇಟು ಕೂಡಿಡುವುದರಿಂದ ಯಾರೂ ಜಡರಾಗುವುದಿಲ್ಲ. ಹಿತಾಹಿತದ ನಿಶ್ಚಯವೊಂದೇ ಪ್ರಶ್ನೆ.

ಇದರ ಮುಂದಿನ ಭಾಗ ಇನ್ನೂ ಮುಖ್ಯವಾದುದು. ಪಾಲಿಲ್ಲವೆಂಬುದು ಪಾಲಾಗುವ ಮುನ್ನ ದೋಷವಿದ್ದರೆ ಮಾತ್ರ. ಒಮ್ಮೆ ಪಾಲು ಪಡೆದವನಿಂದ ಆಮೇಲೆ ಬಂದ ದೋಷಕ್ಕಾಗಿ ಅದನ್ನು ಕಿತ್ತುಕೊಳ್ಳುವಂತಿಲ್ಲ. ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷ ನೀಗಿದರೆ, ತಡವಾಗಿ ಹುಟ್ಟಿದ ಮಗನಿಗೆ ಸಲ್ಲುವಂತೆ, ಅವನಿಗೂ ಪಾಲು ಸಲ್ಲಬೇಕು. ಅವನ ಮಕ್ಕಳು ನಿರ್ದೋಷಿಗಳಾಗಿದ್ದರೆ ಅವರಿಗೆ ಪೂರ್ಣ ಪಾಲು. ಹೆಣ್ಣುಮಕ್ಕಳಿಗೆ ಮದುವೆಯವರೆಗೆ ಪೋಷಣೆ. ಮಕ್ಕಳಿಲ್ಲದ ಹೆಂಡತಿಗೆ ಜೀವನ. ಅವನಿಗಂತೂ ಅನ್ನವಸ್ತ್ರಗಳು ಬದುಕಿರುವವರೆಗೂ ಸಲ್ಲಬೇಕು. ಕೊಡದವನು ಸ್ವತಃ ಪತಿತನಾಗುತ್ತಾನೆಂಬ ಮನುವಿನ ಮಾತನ್ನು ವಿಜ್ಞಾನೇಶ್ವರನು ಇಲ್ಲಿ ತಂದು ಜೋಡಿಸಿದ್ದಾನೆ. ಇದರ ಇಂಗಿತವನ್ನು ವಿದ್ವಾಂಸರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಪತಿತನೂ ಅದೇ ನಿರಂಶಕರ ಪಟ್ಟಿಯಲ್ಲಿದ್ದಾನಲ್ಲವೆ? ಮಂಕು ಅಣ್ಣನಿಗೆ ಅನ್ನವಿಕ್ಕದ ತಮ್ಮನು ತಾನೇ ಆ ಪಟ್ಟಿಗೆ ಸೇರಿಹೋಗುತ್ತಾನೆ. ಹೊರಹಾಕುವ ಶಾಸನವೇ ಹೊರಹಾಕಿದವನ ಕಾವಲಿಗೂ ನಿಂತಿದೆ. ಇದೇ ಅಧ್ಯಾಯದ ಬೇರೊಂದೆಡೆ, ಮತ್ತ, ಉನ್ಮತ್ತ, ಬಾಲ, ಭೀತ ಮೊದಲಾದವರಿಂದ ಮಾಡಿಸಿದ ವ್ಯವಹಾರ ಸಿದ್ಧಿಸುವುದಿಲ್ಲವೆಂಬ ನಿಯಮವೂ ಇದೆ. ಅವನ ಕೈಯಿಂದ ಬರೆಯಿಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ.

ಕನ್ನಡ ಕಾಗದಪತ್ರಗಳು ಈ ಪೋಷಣೆಯನ್ನು 'ಜೀವನಾಂಶ' ಎಂದು ಕರೆಯುತ್ತವೆ. ಸ್ಮೃತಿಯಲ್ಲಿ ಅವನು ನಿರಂಶಕ, ಅಂಶವಿಲ್ಲದವನು. ನಮ್ಮ ವ್ಯವಹಾರದ ಮಾತು ಅವನ ಅನ್ನವನ್ನೇ ಒಂದು ಅಂಶವೆಂದು ಎಣಿಸಿತು. ಶಬ್ದವನ್ನು ಯಾರು ಕಟ್ಟಿದರೋ ಅವರಿಗೆ ಈ ವಿರೋಧ ಹೊಳೆದಿತ್ತೋ ಇಲ್ಲವೋ, ನಮಗಂತೂ ಇದು ಆಕಸ್ಮಿಕವೆಂದು ತೋರುವುದಿಲ್ಲ.

ಶಾಸ್ತ್ರದಿಂದ ಸಾಹಿತ್ಯಕ್ಕೆ ಬರೋಣ. ವೀರಶೈವ ಪುರಾಣಗಳಲ್ಲಿ ಮುಗ್ಧಭಕ್ತರದೇ ಒಂದು ಬಳಗವಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಇವರ ಕಥೆಗಳು ಬರುತ್ತವೆ. ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಾದ ಬೆಜ್ಜಮಹಾದೇವಿ. ಶಿವನು ವಿಷ ಕುಡಿದ ಕಥೆಯನ್ನು ಕೇಳಿ, ಇನ್ನು ಅವನು ಬದುಕಲಾರನೆಂದು ಗಾಬರಿಯಾಗಿ ನೀರಿಗಿಳಿದ ರುದ್ರಪಶುಪತಿ. ಸುತ್ತಲಿನವರು ಅದು ಎಂದೋ ನಡೆದದ್ದು, ಶಿವನಿಗೇನೂ ಆಗಿಲ್ಲವೆಂದು ಎಷ್ಟು ಹೇಳಿದರೂ ಆತ ನಂಬಲಿಲ್ಲ. ಕಡೆಗೆ ಶಿವನೇ ಪ್ರತ್ಯಕ್ಷನಾಗಬೇಕಾಯಿತು. ಆಗಲೂ ನಂಬದೆ ಅವನ ತೊಡೆಯ ಮೇಲೆ ಕುಳಿತು ಕೊರಳನ್ನೇ ನೋಡುತ್ತ ಉಳಿದ. ತೌಲನಿಕ ಅಧ್ಯಯನ ಮಾಡುವವರಿಗೆ ಇಲ್ಲಿ ಒಂದು ಸ್ವಾರಸ್ಯವುಂಟು. ತಮಿಳಿನ ಪೆರಿಯಪುರಾಣದಲ್ಲಿಯೂ ರುದ್ರಪಶುಪತಿ ನಾಯನಾರ್ ನೀರಿನಲ್ಲಿಯೇ ನಿಲ್ಲುತ್ತಾನೆ. ಆದರೆ ಅಲ್ಲಿ ಆತ ಕೊರಳುಮಟ್ಟದ ನೀರಿನಲ್ಲಿ ನಿಂತು ಶ್ರೀರುದ್ರವನ್ನು ಪಠಿಸುವ ವೇದಜ್ಞ. ನೀರು ಅದೇ, ಕೊರಳೂ ಉಳಿಯಿತು. ತಮಿಳಿನಿಂದ ಇತ್ತ ಬರುವ ಹೊತ್ತಿಗೆ ವಿದ್ವಾಂಸನು ಮುಗ್ಧನಾಗಿಬಿಟ್ಟ. ನಮ್ಮ ಕಡೆಯ ಕವಿಗಳಿಗೆ ಮುಗ್ಧತೆ ಎಷ್ಟು ಬೇಕಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಆದರೆ ಈ ಕಥೆಗಳಲ್ಲಿ ಮನೆಯೇ ಇಲ್ಲ. ರುದ್ರಪಶುಪತಿಗೆ ಅನ್ನವಿಕ್ಕುತ್ತಿದ್ದವರು ಯಾರು, ಅವನು ನೀರಿಗಿಳಿದಾಗ ಮನೆಯವರು ಏನು ಮಾಡಿದರು ಎಂಬುದು ಕವಿಗೆ ಮುಖ್ಯವಲ್ಲ. ಮನೆಯೊಳಗಿನ ಮರುಳನನ್ನು ಕಾಣಬೇಕಾದರೆ ಶೂನ್ಯಸಂಪಾದನೆಗೆ ಹೋಗಬೇಕು. ಅಲ್ಲಿ ಮರುಳಶಂಕರದೇವರ ಪ್ರಸಂಗವಿದೆ. ಎಲ್ಲಿಂದಲೋ ಕಲ್ಯಾಣಕ್ಕೆ ಬಂದ ಆತ ಬಸವಣ್ಣನ ಮಹಾಮನೆಯಲ್ಲಿ ಹನ್ನೆರಡು ವರ್ಷ, ಶರಣರ ಪ್ರಸಾದಶೇಷ ಬಂದು ಸೇರುವ ಕುಂಡದ ಬಳಿಯಲ್ಲಿ ಬಿದ್ದುಕೊಂಡು, ಅದನ್ನೇ ಸೇವಿಸಿ ಬದುಕಿದ. ಕಂಡವರಿಗೆ ಮರುಳ. ಅಲ್ಲಮಪ್ರಭು ಬಂದು ತೋರಿಸಿಕೊಡುವವರೆಗೂ ಆತ ಯಾರೆಂಬುದು ಮನೆಯೊಡೆಯನಿಗೇ ತಿಳಿಯಲಿಲ್ಲ. ತಿಳಿದಾಗ ಬಸವಣ್ಣನು ತನ್ನ ಅರಿವಿನ ಕೊರತೆಗಾಗಿ ನೊಂದುಕೊಂಡನೆಂದು ಸಂಪಾದನಕಾರರು ವರ್ಣಿಸುತ್ತಾರೆ. ಪರಂಪರೆ ಈ ಪ್ರಸಂಗವನ್ನು ಓದಿರುವುದು ಅರಿವಿನ ಕಥೆಯಾಗಿ: ಮನೆಯಲ್ಲಿಯೇ ಇದ್ದ ಮಹಾತ್ಮನನ್ನು ಮನೆಯವರು ಗುರುತಿಸದೆ ಹೋದರು. ನಾವಾದರೋ ಇದನ್ನು ಬೇರೊಂದು ರೀತಿಯಲ್ಲಿ ಓದಬಯಸುತ್ತೇವೆ. ಹನ್ನೆರಡು ವರ್ಷ ಆ ಮನೆ ಗುರುತಿಸದೆಯೇ ಅನ್ನವಿಕ್ಕಿತು. ನೀನು ಯಾರು, ನಿನಗೇನು ರೋಗ, ನೀನು ನಿಜಕ್ಕೂ ಮರುಳನೋ ಅಥವಾ ನಟಿಸುತ್ತೀಯೋ ಎಂದು ಯಾರೂ ಕೇಳಲಿಲ್ಲ. ಮಹಾಮನೆಯ ದೊಡ್ಡಸ್ತಿಕೆ ಗುರುತಿಸಿದ ದಿನಕ್ಕಿಂತ ಗುರುತಿಸದ ಆ ಹನ್ನೆರಡು ವರ್ಷಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು ನಮ್ಮ ಅಭಿಮತ. ಕುಂಡದ ಬಳಿಯಲ್ಲಿಯೇ ಏಕೆ, ಪಂಕ್ತಿಯಲ್ಲಿ ಏಕಲ್ಲ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಅದೂ ನ್ಯಾಯವಾದದ್ದೇ.

ಇನ್ನೊಂದು ತಕರಾರು ನಮಗಿದೆ. ನಮ್ಮ ಸಾಹಿತ್ಯದಲ್ಲಿ ಮರುಳನು ಕೊನೆಗೆ ಮರುಳನಾಗಿ ಉಳಿಯುವುದೇ ಇಲ್ಲ. ಆತ ಶರಣನಾಗಿರುತ್ತಾನೆ, ಸಿದ್ಧನಾಗಿರುತ್ತಾನೆ. ಆಧುನಿಕ ಕಾಲದಲ್ಲಿಯೂ ಇದು ಪೂರ್ತಿಯಾಗಿ ಬದಲಾಗಲಿಲ್ಲ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968) ಈ ವಿಷಯದಲ್ಲಿ ಕನ್ನಡದ ಅತ್ಯಂತ ಆಳವಾದ ಕೃತಿ; ಊರವರ ಕಣ್ಣಿಗೆ ಅರಳುಮರಳಾಗಿ ಕಾಣುವ ಅಜ್ಜಿಯ ಮಾತಿಗೆ ಕಿವಿಗೊಡುವ ಮೊಮ್ಮಗ ಸುಬ್ಬರಾಯನಂಥ ಕೇಳುಗ ನಮ್ಮ ಕಾದಂಬರಿಗಳಲ್ಲಿ ವಿರಳ. 1977ರ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಯೋಗ್ಯವಾಗಿಯೇ ಸಂದಿತು. ಆದರೆ ಅಲ್ಲಿಯೂ ಅಜ್ಜಿಗೆ ಸಾವಿರಾರು ವರ್ಷಗಳ ಹಿಂದಣದನ್ನು ಕಾಣುವ ದೃಷ್ಟಿಯಿದೆ. ಕೇಳಿಸಿಕೊಂಡದ್ದಕ್ಕೆ ಮೊಮ್ಮಗನಿಗೆ ಪ್ರತಿಫಲವುಂಟು. ಯಾವ ದೃಷ್ಟಿಯೂ ಇಲ್ಲದ, ಕೊನೆಯವರೆಗೂ ಬಸ್ಸು ಟಿಕೇಟುಗಳನ್ನೇ ವಿಂಗಡಿಸುವ ಅಜ್ಜನ ಪಾಡೇನು? ಈ ಒಂದು ವಿಷಯದಲ್ಲಿ ಶುಷ್ಕವಾದ ಮಿತಾಕ್ಷರೆಯೇ ಕಾವ್ಯಕ್ಕಿಂತ ಉದಾರವಾಗಿತ್ತೆಂದು ಹೇಳಬೇಕಾಗುತ್ತದೆ. ಅದು ಅನ್ನ ಕೊಡಿಸಿದ್ದು ಏನೂ ಅಲ್ಲದವನಿಗೆ.

ನಮ್ಮ ಮಾವನ ಕುಟುಂಬವಾದರೋ ಮಿತಾಕ್ಷರೆಗೆ ಒಳಪಟ್ಟುದಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯ ಸ್ವರೂಪವನ್ನು ಹೊರನಾಡಿನ ಓದುಗರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಕುಟುಂಬವು ಹೆಣ್ಣಿನ ಸಂತತಿಯಲ್ಲಿ ಸಾಗುತ್ತದೆ; ಆಸ್ತಿಯು ಇಡೀ ಕುಟುಂಬದ್ದು; ಹಿರಿಯರು ಯಜಮಾನಿಕೆಯನ್ನು ನಡೆಸುತ್ತಾರೆ. ಭೂತಾಳಪಾಂಡ್ಯನ ಕಟ್ಟು ಎಂದು ಇದನ್ನು ಹೇಳುವ ವಾಡಿಕೆಯಿದೆ. ಆ ಹೆಸರಿನ ಗ್ರಂಥದ ಪ್ರಾಚೀನತೆಯನ್ನು ವಿದ್ವಾಂಸರು ಶಂಕಿಸಿದ್ದಾರೆ, ಆ ಚರ್ಚೆ ಇಲ್ಲಿ ಅನವಶ್ಯಕ. ಮುಖ್ಯವಾದುದು ಇಷ್ಟು: 1863ರಲ್ಲಿ ಮದರಾಸು ಹೈಕೋರ್ಟು ಮುಂಡಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಅವರ ವ್ಯಾಜ್ಯದಲ್ಲಿ, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯನು ಬಲವಂತವಾಗಿ ಪಾಲು ಕೇಳುವಂತಿಲ್ಲವೆಂದು ತೀರ್ಮಾನಿಸಿತು. ಎಲ್ಲರೂ ಒಪ್ಪಿದರೆ ಪಾಲಾಗಬಹುದು. ಇಲ್ಲವಾದರೆ ಪ್ರತಿಯೊಬ್ಬನಿಗೂ ಇರುವುದು ಕುಟುಂಬದಲ್ಲಿದ್ದು ಜೀವನ ನಡೆಸುವ ಹಕ್ಕು ಮಾತ್ರ.

ಇದರ ಪರಿಣಾಮವನ್ನು ಮಿತಾಕ್ಷರೆಯ ಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವೆನಿಸುತ್ತದೆ. ಮಿತಾಕ್ಷರೆಯ ಮನೆಯಲ್ಲಿ ಜಾಣನಿಗೆ ಅಂಶ, ಮಂಕನಿಗೆ ಅನ್ನ. ಅಳಿಯಸಂತಾನದ ಮನೆಯಲ್ಲಿ ಜಾಣನಿಗೂ ಅನ್ನವೇ. ಎಲ್ಲರೂ ಭರ್ತವ್ಯರಾದ ಮನೆಯಲ್ಲಿ ಭರ್ತವ್ಯನನ್ನು ಬೇರೆಯಾಗಿ ಗುರುತಿಸುವ ಕಾರಣವೇ ಇರಲಿಲ್ಲ. ಸೋದರಮಾವ ಪಾಪದವನಾದರೆ ಯಜಮಾನಿಕೆ ಅವನನ್ನು ದಾಟಿ ಮುಂದಿನವನಿಗೆ ಹೋಗುತ್ತಿತ್ತು, ಅಷ್ಟೆ. ಎಲೆಯ ಮುಂದೆ ಅವನ ಸ್ಥಾನ ಹಾಗೆಯೇ ಇರುತ್ತಿತ್ತು. ದೊಡ್ಡ ಮನೆಗಳಲ್ಲಿ ದನ ನೋಡುವ, ಅಡಿಕೆ ಹೆಕ್ಕುವ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜಾತ್ರೆಗೆ ಒಯ್ಯುವ ಇಂಥ ಒಬ್ಬ ಮಾವನೋ ಅಜ್ಜನೋ ಇದ್ದುದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಅವರನ್ನು ತಮಾಷೆ ಮಾಡುತ್ತಿದ್ದುದೂ ಉಂಟು, ಕಷ್ಟದ ಕೆಲಸಗಳನ್ನೆಲ್ಲ ಅವರ ತಲೆಗೆ ಕಟ್ಟುತ್ತಿದ್ದುದೂ ಉಂಟು. ಸಂಬಳವಿಲ್ಲದ ಆಳು ಮನೆಯಲ್ಲೊಬ್ಬನಿದ್ದರೆ ಯಾರಿಗೆ ಬೇಡ? ಹಳೆಯ ಅವಿಭಕ್ತ ಕುಟುಂಬವನ್ನು ಸ್ವರ್ಗವೆಂದು ಕೊಂಡಾಡುವ ಲೇಖನಗಳು ಈ ಮಾತನ್ನು ಮರೆಯುತ್ತವೆ.

1949ರ ಮದರಾಸು ಅಳಿಯಸಂತಾನ ಅಧಿನಿಯಮವು ಕವರುಗಳ ಪ್ರಕಾರ, ಎಂದರೆ ಹೆಣ್ಣುಸಂತತಿಯ ಶಾಖೆಗಳ ಪ್ರಕಾರ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 7ನೆಯ ಪ್ರಕರಣವು ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿ ಸತ್ತವನ ಅವಿಭಕ್ತ ಹಿತವನ್ನು ಸಾಮಾನ್ಯ ಉತ್ತರಾಧಿಕಾರದ ದಾರಿಗೆ ಹಚ್ಚಿತು. ಮುಂದೆ 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆ ಗೇಣಿಯ ಭೂಮಿಗಳನ್ನು ಸರಕಾರಕ್ಕೆ ನಿಹಿತಗೊಳಿಸಿದಾಗ, ಗೇಣಿಯ ಅಕ್ಕಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳ ಕಣಜ ಬರಿದಾಯಿತು. ಉಳುವವನಿಗೆ ಅದು ನ್ಯಾಯವೇ. ಆ ಕಣಜದ ನೆರಳಿನಲ್ಲಿ ಲೆಕ್ಕಕ್ಕೆ ಬಾರದೆ ಉಣ್ಣುತ್ತಿದ್ದ ಒಂದಿಬ್ಬರು ಅಂದಿನಿಂದ ಲೆಕ್ಕಕ್ಕೆ ಬಂದರೆಂಬುದೂ ನಿಜವೇ. ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ 1975ರ ಅವಿಭಕ್ತ ಕುಟುಂಬ ನಿರಸನ ಅಧಿನಿಯಮವು ಇಡೀ ಪದ್ಧತಿಯನ್ನೇ ಕೊನೆಗೊಳಿಸಿತು.

ಈ ಮಧ್ಯೆ ಮುಂಬಯಿ ಬೆಳೆಯುತ್ತಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ (1902) ಮೊದಲಾಗಿ ಕರಾವಳಿಯವರ ಸಂಸ್ಥೆಗಳು ನಗರದಲ್ಲಿ ಬೇರೂರಿ ಬಹುಕಾಲವಾಗಿತ್ತು. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮ ಸ್ಥಾಪನೆಯಾದ ಮೇಲೆ, ಅದೇ ದಶಕದಲ್ಲಿ ಡೊಂಬಿವಲಿಯ ಪೂರ್ವಕ್ಕೆ ಸಾಗರ್ಲಿ, ಆಜ್ದೆ, ಗೋಳವಲಿ, ಸೋನಾರ್‌ಪಾಡಾ ಹಳ್ಳಿಗಳ ಸುತ್ತ ಕಾರ್ಖಾನೆಗಳೆದ್ದವು, ಅವುಗಳ ಮಗ್ಗುಲಲ್ಲಿಯೇ ವಸತಿ ವಿಭಾಗವೂ ಎದ್ದಿತು. ಮುಂಬಯಿಯ ಬಾಡಿಗೆ ಕೊಡಲಾರದ ಮಧ್ಯಮವರ್ಗದ ಕನ್ನಡಿಗರು ರೈಲುದಾರಿ ಹಿಡಿದು ಇತ್ತ ಸರಿದರು. ಡೊಂಬಿವಲಿ ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ ಇವೆಲ್ಲ ಆ ಸರಿದಾಟದ ಫಲ. ಮನೆಯೆಂದರೆ ಎರಡು ಕೋಣೆ, ಒಂದು ಅಡಿಗೆಮನೆ. ಮೂಲಮನೆಯ ಚಾವಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಮಾವ ಇಲ್ಲಿ ಬಾಗಿಲು ತೆರೆದೊಡನೆ ಕಾಣುತ್ತಾರೆ. ಹುಡುಗಿಯನ್ನು ನೋಡಲು ವರನ ಕಡೆಯವರು ಬರುವ ದಿನ ಅವರನ್ನು ಒಳಕೋಣೆಯಲ್ಲಿ ಕೂರಿಸಿ, "ಅವರಿಗೆ ಸ್ವಲ್ಪ ಆರಾಮ ಇಲ್ಲ" ಎನ್ನಬೇಕಾಗುತ್ತದೆ. ಹೀಗೆ ಮಾಡಿದ್ದನ್ನು ಸೊಸೆ ನಮ್ಮಲ್ಲಿ ತಾವಾಗಿಯೇ ಹೇಳಿಕೊಂಡರು; ಹೇಳುವಾಗ ನಮ್ಮ ಮುಖವನ್ನು ನೋಡಲಿಲ್ಲ.

2016ರ ಮೇ 26ರಂದು ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ನಡೆದ ಸ್ಫೋಟದಲ್ಲಿ ಹಲವರು ಸತ್ತರು, ದೂರದೂರದ ಮನೆಗಳ ಕಿಟಕಿಗಾಜುಗಳೂ ಒಡೆದವು. ಆ ದಿನ ಈ ಮನೆಯ ಗಾಜೂ ಒಡೆಯಿತು. ಸದ್ದು ಕೇಳಿ ಮಾವ ಚಪ್ಪಾಳೆ ತಟ್ಟಿ ನಕ್ಕರಂತೆ, ಊರಿನ ಕೋಲದ ಗರ್ನಾಲು ಎಂದರಂತೆ. ಮೆಟ್ಟಿಲ ಮೇಲೆ ನೆರೆಯವರು ಅಳುತ್ತ ಓಡುತ್ತಿದ್ದರು. ಸೊಸೆ ಅವರ ಬಾಯಿಗೆ ಕೈಯಿಟ್ಟು ಒಳಗೆ ಎಳೆದುಕೊಂಡು ಹೋದರು. ಇದಾದ ಮೇಲೆ ಬಹಳ ದಿನ ಪಕ್ಕದ ಮನೆಯವರು ಮಕ್ಕಳನ್ನು ಇತ್ತ ಕಳಿಸಲಿಲ್ಲ. ಹಿತಾಹಿತ ತಿಳಿಯದವನೆಂಬ ವಿಜ್ಞಾನೇಶ್ವರನ ಲಕ್ಷಣಕ್ಕೆ ಇದು ಉದಾಹರಣೆಯೆ? ನಮಗೆ ಹಾಗೆ ಹೇಳಲು ಧೈರ್ಯವಿಲ್ಲ. 2024ರ ಮೇ 23ರಂದು ಅಲ್ಲಿಯೇ ಮತ್ತೊಂದು ಕಾರ್ಖಾನೆ ಸಿಡಿದಾಗ ಅವರು ನಗಲಿಲ್ಲ, ಮಂಚದ ಕೆಳಗೆ ಹೋಗಿ ಕುಳಿತರೆಂದು ತಿಳಿಯಿತು.

ಕಾನೂನಿನ ಕಥೆ ಇನ್ನು ಸ್ವಲ್ಪವೇ ಉಳಿದಿದೆ. 1928ರ ಹಿಂದೂ ದಾಯಾಧಿಕಾರ (ಅನರ್ಹತಾ ನಿವಾರಣ) ಅಧಿನಿಯಮವು ಕುರುಡ, ಕುಂಟ ಮೊದಲಾದವರನ್ನು ಯಾಜ್ಞವಲ್ಕ್ಯನ ಪಟ್ಟಿಯಿಂದ ಬಿಡಿಸಿತು. ಹುಟ್ಟಿನಿಂದ ಹುಚ್ಚನಾದವನನ್ನೂ ಜಡನನ್ನೂ ಮಾತ್ರ ಅಲ್ಲಿಯೇ ಉಳಿಸಿತು. 1956ರ ಉತ್ತರಾಧಿಕಾರ ಅಧಿನಿಯಮದ 28ನೆಯ ಪ್ರಕರಣವು ರೋಗ, ಊನ, ವಿಕಲತೆಗಳ ಕಾರಣದಿಂದ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಾಗರೆಂದು ಸಾರಿತು. ಒಂಬತ್ತು ಶತಮಾನ ವ್ಯಾಖ್ಯಾನಗೊಂಡ ಪಟ್ಟಿ ಒಂದು ವಾಕ್ಯದಲ್ಲಿ ಮುಗಿಯಿತು. ನಿರಂಶಕನು ಅಂಶವುಳ್ಳವನಾದನು. ಇದು ನಿಸ್ಸಂದೇಹವಾಗಿ ಮುನ್ನಡೆ. ಆದರೆ ಅಂಶ ಬಂದೊಡನೆ ಸಹಿ ಬೇಕಾಯಿತು, ಸಹಿ ಬೇಕಾದೊಡನೆ ಸಹಿ ಮಾಡುವ ಯೋಗ್ಯತೆಯ ಪ್ರಶ್ನೆ ಬಂದಿತು. ಪಾಲಿಲ್ಲದಿದ್ದ ಕಾಲದಲ್ಲಿ ನಮ್ಮ ಮಾವ ಏನೆಂದು ಯಾರೂ ನಿರ್ಣಯಿಸಬೇಕಾಗಿರಲಿಲ್ಲ. ಪಾಲು ಸಿಕ್ಕಿದ ಮೇಲೆ, ಇವರು ಏನು ಎಂಬುದಕ್ಕೆ ಒಂದು ಚೀಟಿ ಬೇಕು.

ಆ ಚೀಟಿಯ ದಾರಿಗಳು ಈಗ ಹಲವು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ, ಬೌದ್ಧಿಕ ಬೆಳವಣಿಗೆ ಕುಂದಿದವರೇ ಮೊದಲಾಗಿ ಅದು ಹೆಸರಿಸುವ ವರ್ಗದವರಿಗೆ ಜಿಲ್ಲಾಧಿಕಾರಿಯನ್ನೊಳಗೊಂಡ ಸ್ಥಳೀಯ ಸಮಿತಿಯು ಪೋಷಕನನ್ನು ನೇಮಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 14ನೆಯ ಪ್ರಕರಣವು 'ಸೀಮಿತ ಪೋಷಕತ್ವ'ವೆಂಬ ಹೊಸ ಕಲ್ಪನೆಯನ್ನು ತಂದಿದೆ. ಪೋಷಕನು ಆ ವ್ಯಕ್ತಿಯ ಬದಲು ನಿರ್ಧರಿಸದೆ, ಅವನೊಡನೆ ಕೂಡಿ, ಅವನ ಇಚ್ಛೆಯನ್ನು ಕೇಳಿ ನಿರ್ಧರಿಸಬೇಕು. 2007ರ ಹಿರಿಯ ನಾಗರಿಕರ ಅಧಿನಿಯಮವಂತೂ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಮಕ್ಕಳಿಲ್ಲದ ಹಿರಿಯನ ಆಸ್ತಿಯನ್ನು ಹೊಂದಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಯೇ ಅವನನ್ನು ಸಾಕಬೇಕೆಂದು ಅದು ವಿಧಿಸುತ್ತದೆ. ಯಾಜ್ಞವಲ್ಕ್ಯನಲ್ಲಿ ಪಾಲಿಲ್ಲದವನೆಂಬ ಕಾರಣಕ್ಕೆ ಅನ್ನ. ಇಲ್ಲಿ ಅನ್ನವಿಕ್ಕುವವನಿಗೆ ಪಾಲು ಸಿಗಲಿದೆಯೆಂಬ ಕಾರಣಕ್ಕೆ ಅನ್ನ. ಅನ್ನಕ್ಕೂ ಅಂಶಕ್ಕೂ ಇರುವ ಹಳೆಯ ನಂಟು ತಲೆಕೆಳಗಾಗಿ ಹಿಂದಿರುಗಿದೆ. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ಮಧ್ಯಯುಗದಿಂದಲೂ ಬುದ್ಧಿವಿಕಲರನ್ನು ಪರರ ಮನೆಗಳವರೇ ತಮ್ಮೊಡನೆ ಇರಿಸಿಕೊಳ್ಳುವ ಸಂಪ್ರದಾಯವಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಮನೆಗೂ ಅತಿಥಿಗೂ ಆಸ್ತಿಯ ಸಂಬಂಧವೇ ಇಲ್ಲ.

ಇಷ್ಟನ್ನು ಓದಿಕೊಂಡು ನಾವು ಮತ್ತೆ ಡೊಂಬಿವಲಿಗೆ ಹೋದೆವು. ಸೀಮಿತ ಪೋಷಕತ್ವದ ವಿಚಾರವನ್ನು ಸೊಸೆಗೂ ಅವರ ಪತಿಗೂ ವಿವರಿಸಿದೆವು. ಅವರು ಈ ಮೊದಲೇ ಒಂದು ಕಚೇರಿಗೆ ಎರಡು ಸಲ ಅಲೆದಿದ್ದರು. ಎರಡನೆಯ ಸಲ ಮಾವನನ್ನೂ ಕರೆದೊಯ್ದಿದ್ದರು. ಅಲ್ಲಿಯ ಗುಮಾಸ್ತನು ಮಾವನ ಮುಂದೆಯೇ, "ಇವರಿಗೆ ಎಷ್ಟು ವರ್ಷದಿಂದ ಹೀಗೆ?" ಎಂದು ಕೇಳಿದನಂತೆ. ಅಂದು ಮನೆಗೆ ಬಂದ ಮೇಲೆ ಮಾವ ಊಟ ಮಾಡಲಿಲ್ಲ. ಇನ್ನು ಅಂಥ ಕಡೆಗೆ ಕರೆದೊಯ್ಯುವುದಿಲ್ಲವೆಂದು ಸೊಸೆಯ ಹಟ. ಹಾಗಾದರೆ ಸುಮ್ಮನೆ ಸಹಿ ಹಾಕಿಸಿಬಿಡೋಣ, ಯಾರು ಕೇಳುತ್ತಾರೆಂದು ಊರಿನ ದಾಯಾದಿಗಳ ಒತ್ತಾಯ. ಪತಿ ಎರಡರ ನಡುವೆ ಸುಮ್ಮನಿದ್ದರು.

ನಾವು ಕೇಳಿದೆವು: ಕಾಗದದಲ್ಲಿ ಏನಿದೆಯೆಂದು ಮಾವನಿಗೆ ಯಾರಾದರೂ ಓದಿ ಹೇಳಿದ್ದೀರಾ? ಹೇಳಿರಲಿಲ್ಲ. ಸೊಸೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತುಳುವಿನಲ್ಲಿ ಒಂದೊಂದೇ ವಾಕ್ಯವನ್ನು ಬಿಡಿಸಿ ಹೇಳಿದರು. ಅವರು ತಲೆತಗ್ಗಿಸಿ ಕೇಳಿದರು. ಬಳಿಕ ನಮ್ಮ ಕಡೆಗೆ ತಿರುಗಿ, ಮಾಸ್ತರರೊಡನೆ ಮಾತನಾಡುವಂತೆ ಶಾಲೆಯ ಕನ್ನಡದಲ್ಲಿ, "ಮನೆ ಮಾರಿದರೆ ನನ್ನ ಪೆಟ್ಟಿಗೆ ಎಲ್ಲಿ ಇಡುವುದು? ಅದು ಅಟ್ಟದ ಮೇಲೆ ಉಂಟು" ಎಂದರು.

ಅಟ್ಟದ ಮೇಲೆ ಅವರ ಪೆಟ್ಟಿಗೆಯೊಂದಿರುವುದು ಸೊಸೆಗೆ ತಿಳಿದಿರಲಿಲ್ಲ. ಊರಿಗೆ ಫೋನು ಮಾಡಿ ವಿಚಾರಿಸಿದಾಗ ಇದೆಯೆಂದು ಗೊತ್ತಾಯಿತು. ತಗಡಿನ ಪೆಟ್ಟಿಗೆ, ಬೀಗ ಹಾಕಿದೆ. ಮೇ ತಿಂಗಳ ರಜೆಯಲ್ಲಿ ಮಾವನನ್ನು ಕರೆದುಕೊಂಡು ಊರಿಗೆ ಹೋಗಿ, ಮೊದಲು ಪೆಟ್ಟಿಗೆಯನ್ನು ಕೆಳಗಿಳಿಸುವುದು, ಆಮೇಲೆ ಉಳಿದ ಮಾತು ಎಂದು ನಿಶ್ಚಯವಾಗಿದೆ. ಕಾಗದ ಸದ್ಯಕ್ಕೆ ಕಪಾಟಿನಲ್ಲಿದೆ.